ಗುತ್ತಿನ ಮನೆ: ಪಾಲು ಎಲ್ಲರಿಗೂ, ಮಾಡು ಯಾರಿಗೆ?

ತುಳುನಾಡಿನ ಹಳೆಯ ಗುತ್ತಿನ ಮನೆಯ, ಅಂದರೆ ಊರಿನ ಹಿರಿಯ ಭೂಮಾಲೀಕ ಕುಟುಂಬದ ಮೂಲ ಮನೆಯ, ರಿಪೇರಿ ಮಾತು ಬಂದರೆ ಸಾಕು, ಕುಟುಂಬದಲ್ಲಿ ಚರ್ಚೆ ಶುರು. ಮಾಡಿನ, ಅಂದರೆ ಸೂರಿನ, ಹೆಂಚು ಬದಲಿಸೋದಾ, ಕೆಡವಿ ಸ್ಲ್ಯಾಬ್ ಹಾಕೋದಾ, ಖರ್ಚು ಯಾರದ್ದು? ಈ ಗೋಜಲು ನಿನ್ನೆ ಮೊನ್ನೆಯದಲ್ಲ.

ಗುತ್ತು ಸುಮ್ನೆ ವಾಸಕ್ಕೆ ಕಟ್ಟಿದ್ದಲ್ಲ. ಊರಿನ ನ್ಯಾಯ ತೀರ್ಮಾನ, ದೈವದ ನೇಮ (ದೈವಾರಾಧನೆಯ ಉತ್ಸವ) ಎರಡಕ್ಕೂ ಇದೇ ಜಾಗ. ಅದಕ್ಕೇ ಎದುರಿಗೆ ವಿಶಾಲ ಚಾವಡಿ, ಹಲಸಿನ ಮರದ ದಪ್ಪ ಕಂಬ, ಕಂಬದ ತಲೆಯ ಮೇಲೆ ಕೆತ್ತನೆಯ ಬೋದಿಗೆ, ದೈವದ ಉಯ್ಯಾಲೆ. ಒಳಗೆ ಆಕಾಶಕ್ಕೆ ತೆರೆದ ಅಂಗಳ. ಬೆಳಕು, ಗಾಳಿ, ಮಳೆ ಮೂರೂ ಅಲ್ಲಿಂದಲೇ. ಗೋಡೆ ಮಣ್ಣಿನದ್ದು ಇಲ್ಲವೇ ಮುರಕಲ್ಲಿನದ್ದು (ಕೆಂಪು ಜಂಬಿಟ್ಟಿಗೆ). ಮಾಡಿಗೆ ಮೊದಲು ಮುಳಿಹುಲ್ಲು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಂಚು ಬಂತು.

ಇಂಥ ಮನೆ ವರ್ಷವೂ ಆರೈಕೆ ಕೇಳುತ್ತದೆ. ಒಂದು ಹೆಂಚು ಜಾರಿದರೆ ನೀರು ಪಕ್ಕಾಸಿಗೆ, ಅಂದರೆ ಹೆಂಚು ಹೊರುವ ಮರದ ತೊಲೆಗೆ, ಇಳಿಯುತ್ತದೆ, ಹಿಂದೆಯೇ ಗೆದ್ದಲು. ಹಾಗಾಗಿ ಪ್ರತಿ ಬೇಸಿಗೆ ಮಾಡಿಗೆ ಕೈಯಾಡಿಸಲೇಬೇಕು. ಆ ಖರ್ಚಿಗೆ ದುಡ್ಡು ಹುಟ್ಟುತ್ತಿದ್ದದ್ದು ಗೇಣಿದಾರರು ಕೊಡುತ್ತಿದ್ದ ಗೇಣಿ ಅಕ್ಕಿಯಿಂದ. ಪತ್ತಾಯ (ಧಾನ್ಯದ ಕಣಜ) ತುಂಬಿದ್ದಷ್ಟು ದಿನ ಮರ, ಆಳು, ಹೆಂಚು ಯಾವುದಕ್ಕೂ ಕೊರತೆ ಇರಲಿಲ್ಲ.

ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಯಜಮಾನ ನೋಡಿಕೊಳ್ಳುತ್ತಿದ್ದ. ಎಲ್ಲರೂ ಒಪ್ಪದೆ ಪಾಲಾಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಹೆಣ್ಣಿನ ಕಡೆಯ ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಒಡೆಯರಾದರು. ತಲೆಮಾರುಗಳಿಂದ ದುಡಿದವರಿಗೆ ನೆಲ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗದ್ದೆ ಹೋದ ಮೇಲೆ ಮನೆಗೆ ಅನ್ನ ಹಾಕುವವರು ಯಾರು ಅಂತ ಆಗ ಯಾರೂ ಕೇಳಲಿಲ್ಲ. ಮಕ್ಕಳು ಮುಂಬೈ, ಬೆಂಗಳೂರು, ಗಲ್ಫ್ ಸೇರಿದರು. ಹಕ್ಕುದಾರರು ನೂರಾದರು, ಏಣಿ ಹತ್ತುವವರು ಉಳಿಯಲಿಲ್ಲ.

ಎಷ್ಟೋ ಗುತ್ತುಗಳು ಇನ್ನೂ ನಿಂತಿರುವುದು ದೈವದ ದೆಸೆಯಿಂದ. ನೇಮಕ್ಕೆ ಎಲ್ಲರೂ ಬರುತ್ತಾರೆ, ದೈವದ ಚಾವಡಿ ಮಾರಲು ಯಾರಿಗೂ ಮನಸ್ಸಿಲ್ಲ. ಈಗ ಹೊರಗೆ ದುಡಿದ ಹಣ ಜೀರ್ಣೋದ್ಧಾರಕ್ಕೆ ವಾಪಸ್ ಬರುತ್ತಿದೆ. ಅದು ಜಾಸ್ತಿ ಹೋಗುವುದು ಕಾಂಕ್ರೀಟ್‌ಗೆ, ಗ್ರಾನೈಟ್‌ಗೆ. ಕಳಚಿದ ಹಳೆಯ ಕಂಬಗಳು ರೆಸಾರ್ಟ್ ಅಲಂಕಾರಕ್ಕೆ ಮಾರಾಟವಾಗುತ್ತವೆ. ಗಟ್ಟಿ ಇರುವ ಮರವನ್ನು ಯಾಕೆ ಕಿತ್ತೆಸೆಯಬೇಕು? ಕೊಳೆತ ಪಕ್ಕಾಸನ್ನಷ್ಟೇ ಬದಲಿಸಿದರೆ ಆಗುತ್ತದಲ್ವಾ? ಕೆಲವು ಕುಟುಂಬಗಳು ಮನೆಯನ್ನು ಪಾಲಿನಿಂದ ಹೊರಗಿಟ್ಟು, ಟ್ರಸ್ಟ್ ಮಾಡಿ, ವರ್ಷಕ್ಕಿಷ್ಟು ಅಂತ ಮಾಡಿನ ಕೆಲಸಕ್ಕೆ ಹಣ ಹಾಕುತ್ತಿವೆ. ಅಂಥ ಕಡೆ ಮಳೆಗಾಲಕ್ಕೆ ಮೊದಲೇ ಆಳು ಮಾಡು ಹತ್ತುತ್ತಾನೆ.