ಎರಡಿಂಚು ಮೇಲೇರಿದ ಜೀಪು

ಕಾಸರಗೋಡಿನ ಮುಳ್ಳೇರಿಯದಿಂದ ನಮ್ಮ ತೋಟಕ್ಕೆ ಇಳಿಯುವ ದಾರಿ ಪೂರ್ತಿ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆಯದ್ದು. ಮಳೆಗಾಲದಲ್ಲಿ ನೀರು ಚಕ್ರದ ಜಾಡಿನಲ್ಲೇ ಹರಿಯುತ್ತದೆ, ಜಾಡು ವರ್ಷದಿಂದ ವರ್ಷಕ್ಕೆ ಆಳವಾಗುತ್ತದೆ, ನಡುವಿನ ದಿಣ್ಣೆ ಮಾತ್ರ ಹಾಗೇ ಉಳಿಯುತ್ತದೆ. ಮುರಕಲ್ಲು ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುವ ಜಾತಿಯದ್ದು ಬೇರೆ. ಮಾವನ ಹಳೆ ಡೀಸೆಲ್ ಜೀಪು ಆ ದಿಣ್ಣೆಗೆ ಉಜ್ಜಿ ‘ಕರ್ರ್’ ಅನ್ನದ ದಿನವೇ ಇರಲಿಲ್ಲ. “ಎರಡಿಂಚು ಎತ್ತಿಸಿಬಿಡುವ ಮಾರಾಯ, ಎಲ್ಲ ಸರಿಯಾಗ್ತದೆ” ಅಂದರು ಮಾವ. ನಾನೂ ಹೂಂ ಅಂದೆ.

ಜೀಪು ಹಳೆಯ ಅಮೆರಿಕನ್ ಜೀಪು ಕಂಪೆನಿ ವಿಲ್ಲಿಸ್‌ನ ಕಾಲದ ಜೋಡಣೆಯದ್ದು. ಮುಂದೂ ಹಿಂದೂ ಅಡ್ಡಕ್ಕೆ, ಎರಡು ಚಕ್ರಗಳ ನಡುವೆ, ಅಚ್ಚನ್ನು ಒಳಗಿಟ್ಟುಕೊಂಡ ಒಂದೊಂದು ಇಡಿಯ ಹೌಸಿಂಗ್, ನಾಲ್ಕು ಮೂಲೆಗೂ ಪ್ಲೇಟು, ಅಂದರೆ ಎಲೆ ಎಂಬ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಲೀಫ್ ಸ್ಪ್ರಿಂಗ್. ಪ್ಲೇಟಿನ ಒಂದು ತುದಿ ಪಿನ್ನಿನಲ್ಲಿ ನೇರವಾಗಿ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಕೂತಿರುತ್ತದೆ. ಇನ್ನೊಂದು ತುದಿ ಶಾಕಲ್ ಎಂಬ ತೂಗಾಡುವ ಪಟ್ಟಿಯಲ್ಲಿರುತ್ತದೆ. ಬಾಗಿದ ಪ್ಲೇಟು ಭಾರಕ್ಕೆ ಚಪ್ಪಟೆಯಾದಾಗ ಉದ್ದವಾಗಬೇಕಲ್ಲ, ಆ ಉದ್ದಕ್ಕೆ ಜಾಗ ಕೊಡುವುದು ಶಾಕಲ್. ಎತ್ತರಿಸಲು ಎಲ್ಲಕ್ಕಿಂತ ಅಗ್ಗದ ದಾರಿ ಎಂದರೆ ಉದ್ದದ ಶಾಕಲ್ ಹಾಕುವುದು. ನಾವು ಹಾಕಿಸಿದ್ದೂ ಅದನ್ನೇ, ಅರ್ಧ ದಿನದ ಕೆಲಸ.

ಒಂದು ಹಲಗೆಯ ಒಂದು ತುದಿಯನ್ನು ಮಾತ್ರ ನಾಲ್ಕಿಂಚು ಎತ್ತಿ ನೋಡಿ, ನಡುಭಾಗ ಏರುವುದು ಎರಡೇ ಇಂಚು. ಹಾಗಾಗಿ ಎರಡಿಂಚು ಬೇಕಾದರೆ ಶಾಕಲ್ ನಾಲ್ಕಿಂಚು ಉದ್ದವಾಗಬೇಕು. ಅಷ್ಟರಲ್ಲಿ ಆ ಹಲಗೆಯ ಹಾಗೆ ಪ್ಲೇಟೂ ಓರೆಯಾಯಿತು, ಅದಕ್ಕೆ ಕಟ್ಟಿದ ಹೌಸಿಂಗೂ ಓರೆಯಾಯಿತು. ಮುಂದಿನ ಪ್ಲೇಟು ಮೂರಡಿ ಉದ್ದ ಅಂತ ಹಿಡಿದರೆ ಇದು ಸುಮಾರು ಆರು ಡಿಗ್ರಿ.

ಆರು ಡಿಗ್ರಿ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಆ ವಾಲಿಗೆ ಕ್ಯಾಸ್ಟರ್ ಅನ್ನುತ್ತಾರೆ. ಅದು ಇರುವುದರಿಂದಲೇ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ, ಕೈಬಿಟ್ಟು ಸೈಕಲ್ ಹೊಡೆಯುವ ಹುಡುಗರಿಗೂ ಅದರ ಸಹಾಯವಿದೆ. ಇಂಥ ಜೀಪಿನಲ್ಲಿ ಆ ವಾಲು ಇರುವುದೇ ಸುಮಾರು ಮೂರು ಡಿಗ್ರಿ. ನಮ್ಮ ಜೀಪಿನ ಮುಂದಿನ ಶಾಕಲ್ ಪ್ಲೇಟಿನ ಮುಂತುದಿಯಲ್ಲಿದೆ. ಆ ತುದಿ ಚಾಸಿನಿಂದ ಕೆಳಗಿಳಿದಾಗ ಹೌಸಿಂಗ್ ಮುಂದಕ್ಕೆ ತಿರುಗಿತು, ಇದ್ದ ಮೂರು ಡಿಗ್ರಿ ಹೋಗಿ ಉಲ್ಟಾ ಮೂರು ಡಿಗ್ರಿಯಾಯಿತು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಐವತ್ತರ ವೇಗಕ್ಕೆ ಬಂದರೆ ಸಾಕು, ಜೀಪು ಕುಡಿದವರ ಹಾಗೆ ಅತ್ತ ಇತ್ತ ಹೋಗುತ್ತಿತ್ತು. ಬೋವಿಕ್ಕಾನ ತಲುಪುವಾಗ ನನ್ನ ಎರಡೂ ಕೈ ಸೋತಿದ್ದವು.

ಇನ್ನೊಂದು ತೊಂದರೆ ಅಡಿಯಿಂದ ಬಂತು, ಗಡಗಡ ಅನ್ನುವ ನಡುಕ. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಇರುತ್ತದೆ, ಯೂನಿವರ್ಸಲ್ ಜಾಯಿಂಟ್. ಅದು ಓರೆಯಲ್ಲೂ ತಿರುಗುತ್ತದೆ, ಆದರೆ ಒಂದೇ ಸಮ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಐದು ಡಿಗ್ರಿ ಓರೆಯಿದ್ದರೆ ಈ ಏರಿಳಿತ ಶೇಕಡಾ ಅರ್ಧಕ್ಕಿಂತ ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ಡಿಗ್ರಿಯಾದರೆ ಆರು ಶೇಕಡಾ! ಎರಡಡಿ ಉದ್ದದ ಶಾಫ್ಟಿನ ಒಂದು ತುದಿ ಎರಡಿಂಚು ಏರಿದರೆ ಹೆಚ್ಚುಕಡಿಮೆ ಐದು ಡಿಗ್ರಿ ಸೇರಿಕೊಳ್ಳುತ್ತದೆ. ಎರಡು ತುದಿಯ ಓರೆ ಸಮನಾಗಿದ್ದರೆ ಒಂದು ಕ್ರಾಸ್ ಮಾಡಿದ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಹೌಸಿಂಗೇ ತಿರುಗಿಬಿಟ್ಟರೆ ಆ ಲೆಕ್ಕವೂ ತಪ್ಪುತ್ತದೆ.

ಈ ಕ್ರಾಸಿನ ಬಗ್ಗೆ ಹಿಂದೆಯೇ ಬರೆದವರು ರಾಬರ್ಟ್ ಹುಕ್, ಹೌದು, ಶಾಲೆಯಲ್ಲಿ ಓದಿದ ಸ್ಪ್ರಿಂಗ್ ನಿಯಮದ ಅದೇ ಹುಕ್. ತಮಾಷೆಯೆಂದರೆ ಎರಡೂ ಒಂದೇ ಪುಸ್ತಕದಲ್ಲಿವೆ, 1676ರದ್ದು. ಸ್ಪ್ರಿಂಗ್ ನಿಯಮವನ್ನು ಬೇರೆಯವರು ಕದಿಯಬಾರದು ಅಂತ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಕಲಸಿ ಅಚ್ಚು ಹಾಕಿಸಿದ್ದ. ಒಗಟು ಬಿಡಿಸಿದ್ದು 1678ರಲ್ಲಿ: ಎಳೆದಷ್ಟು ಬಲ. ಒಂದು ಜೀಪಿನಡಿಯಲ್ಲಿ ಮಲಗಿ ನೋಡಿದರೆ ಕಾಣುವುದರಲ್ಲಿ ಅರ್ಧ ಈ ಮನುಷ್ಯನದ್ದೇ.

ಶಾಕಲ್ ಬಿಚ್ಚಿಸಿದೆವು. ಪ್ಲೇಟನ್ನೇ ಸರಿಮಾಡುವ ಅಂತ ಇನ್ನೊಂದು ಗ್ಯಾರೇಜಿಗೆ ಹೋದರೆ ಅಲ್ಲಿನ ಮೇಸ್ತ್ರಿ, ಒಂದೆರಡು ಎಲೆ ಜಾಸ್ತಿ ಹಾಕಿದರೆ ಆಯಿತು ಅಂದರು. ಇಲ್ಲಿ ಹುಕ್‌ನ ನಿಯಮವನ್ನೇ ಕೇಳಬೇಕು. ಜೀಪಿನ ಭಾರಕ್ಕೆ ಪ್ಲೇಟು ಹತ್ತು ಸೆಂಟಿಮೀಟರ್ ತಗ್ಗುತ್ತದೆ ಅಂದುಕೊಳ್ಳಿ. ಗಟ್ಟಿ ಮಾಡಿಯೇ ಐದು ಸೆಂಟಿಮೀಟರ್ ಎತ್ತರ ಬರಬೇಕಾದರೆ ತಗ್ಗುವುದು ಐದೇ ಆಗಬೇಕು, ಅಂದರೆ ಪ್ಲೇಟು ಎರಡರಷ್ಟು ಗಟ್ಟಿಯಾಗಬೇಕು. ಮೊದಲು ಸೆಕೆಂಡಿಗೆ ಒಂದೂವರೆ ಸಲ ತೂಗುತ್ತಿದ್ದ ಜೀಪು ಆಗ ಎರಡು ಸಲಕ್ಕಿಂತ ಜಾಸ್ತಿ ಕುಟ್ಟುತ್ತದೆ. ಎಂಟು ಎಲೆಯ ಕಟ್ಟಿಗೆ ಅದೇ ದಪ್ಪದ ಒಂಬತ್ತನೆಯದು ಸೇರಿಸಿದರೆ ಗಟ್ಟಿತನ ಏರುವುದು ಎಂಟರಲ್ಲೊಂದು ಪಾಲು ಮಾತ್ರ. ಅದಕ್ಕಿಂತ ಎಲೆಗಳನ್ನು ಮತ್ತೆ ಬಾಗಿಸುವುದು ಒಳ್ಳೆಯದು: ಗಟ್ಟಿತನ ಅಷ್ಟೇ ಇರುತ್ತದೆ, ಬಾಗು ಮಾತ್ರ ಜಾಸ್ತಿ. ಹಳೆ ಪ್ಲೇಟು ವರ್ಷಗಟ್ಟಲೆ ಭಾರ ಹೊತ್ತು ಕುಸಿದಿರುತ್ತದೆ, ಆದ್ದರಿಂದ ಬಾಗು ಮರಳಿದರೆ ಅದು ಎತ್ತರಿಸಿದ್ದಲ್ಲ, ಜೀಪು ತನ್ನ ಮೊದಲಿನ ಎತ್ತರಕ್ಕೆ ಬಂದಂತೆ ಅಷ್ಟೆ. ನಾವು ಹಾಗೇ ಮಾಡಿಸಿದೆವು. ಬ್ರೇಕಿನ ಹೋಸು ಬಿಗಿಯಾಗುತ್ತದೆಯಾ ಅಂತ ಚಕ್ರ ಪೂರ್ತಿ ಇಳಿಬಿಟ್ಟು ನೋಡಿದೆವು. ಇದನ್ನು ಮಾತ್ರ ಯಾರೂ ಮರೆಯಬೇಡಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ಹಾಗಾಗಿ ನಮ್ಮ ಕಾಸರಗೋಡಿನ ಕೆಎಲ್ 14 ಬೋರ್ಡಿನವರು ಐದಾರಿಂಚಿನ ಕನಸು ಕಾಣುವ ಮೊದಲು ಒಮ್ಮೆ ಯೋಚಿಸಿ.

ಈಗ ಜೀಪು ನೇರ ಹೋಗುತ್ತದೆ, ನಡುಕವಿಲ್ಲ, ನೋಡಲೂ ಚಂದ. ತೋಟದ ದಾರಿಗಿಳಿದರೆ ಮತ್ತೆ ಕರ್ರ್!

ಟಾರ್ಚು ಹಿಡಿದು ಅಡಿಗೆ ನುಗ್ಗಿದೆ. ಗೀರು ಬಿದ್ದದ್ದು ಚಾಸಿಗೆ ಅಲ್ಲ, ಹಿಂದಿನ ಹೌಸಿಂಗಿನ ನಡುವಿನ ಉಬ್ಬಿಗೆ, ಶಾಫ್ಟಿನ ತಿರುಗಾಟವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಶಿಯಲ್ ಇರುವಲ್ಲಿ. ನನಗೆ ನನ್ನ ಮೇಲೇ ಸಿಟ್ಟು ಬಂತು. ಪ್ಲೇಟು ಇರುವುದು ಹೌಸಿಂಗಿಗೂ ಚಾಸಿಗೂ ನಡುವೆ. ಅವೆರಡನ್ನು ದೂರ ಮಾಡಿದರೆ ಚಾಸಿ, ಎಂಜಿನ್, ಸೀಟಿನಲ್ಲಿ ಕೂತ ಮಾವ, ಎಲ್ಲ ಮೇಲೇರುತ್ತಾರೆ, ಭಾರಕೇಂದ್ರವೂ ಏರಿ ಪಲ್ಟಿಯಾಗುವ ಭಯ ಸ್ವಲ್ಪ ಹೆಚ್ಚುತ್ತದೆ. ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ, ಅದು ನಿಂತಿರುವುದು ಚಕ್ರದ ಮೇಲೆ. ಅದನ್ನು ಎತ್ತಬೇಕಾದರೆ ಟಯರು ದೊಡ್ಡದಾಗಬೇಕು. 6.00-16 ಟಯರಿನ ಅಡ್ಡಳತೆ ಸುಮಾರು 16 ಕೂಡಿಸು 6 ಕೂಡಿಸು 6, ಅಂದರೆ 28 ಇಂಚು. 7.00-16 ಹಾಕಿದರೆ 30. ಹೌಸಿಂಗ್ ಏರುವುದು ಈ ವ್ಯತ್ಯಾಸದ ಅರ್ಧ, ಒಂದಿಂಚು. ಜೊತೆಗೆ ಸ್ಪೀಡೋಮೀಟರ್ ಶೇಕಡಾ ಏಳರಷ್ಟು ಸುಳ್ಳು ಹೇಳುತ್ತದೆ, ಏರಿನಲ್ಲಿ ಎಳೆತವೂ ಅಷ್ಟೇ ಕಡಿಮೆಯಾಗುತ್ತದೆ.

ಇದನ್ನೆಲ್ಲ ವಿವರಿಸಿ ಹೇಳಿದೆ. ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, “ಹಾಗಾದ್ರೆ ಚಕ್ರದ ಅಡಿಗೆ ಕಲ್ಲು ಹಾಕಿದ್ರೆ ಹೌಸಿಂಗ್ ಏರುದಿಲ್ವಾ?”

ಏರುತ್ತದೆ. ಎರಡು ಲೋಡು ಮುರಕಲ್ಲಿನ ಚೂರು ತರಿಸಿ ಜಾಡು ತುಂಬಿಸಿದೆವು. ನಾಲ್ಕಿಂಚು, ಕ್ಯಾಸ್ಟರಿಗೆ ಏನೂ ಆಗಲಿಲ್ಲ. ಆಷಾಢದ ಮಳೆಗೆ ಅದರಲ್ಲಿ ಅರ್ಧ ಕೊಚ್ಚಿಕೊಂಡು ತೋಡಿಗೆ ಹೋಯಿತು.