ಕ್ರೀಮ್ ಬ್ಯಾಚಿನಲ್ಲಿ ಬಿಸಿ ಬೇಕಿರುವುದು ಯಾರಿಗೆ?

ಕ್ರೀಮ್, ಲೋಷನ್ ಮಾಡುವ ಘಟಕಗಳಿಗೆ ಹೋದಾಗ ನಾನು ಮೊದಲು ಕೇಳುವುದು ಬ್ಯಾಚ್ ಶೀಟ್, ಅಂದ್ರೆ ಒಂದು ಸಲಕ್ಕೆ ಮಾಡುವ ಮಾಲಿನ ಲೆಕ್ಕದ ಹಾಳೆ. ತೂಕದ ಕಾಲಂ ಎಲ್ಲರ ಹತ್ತಿರವೂ ಇರುತ್ತದೆ. ಶಾಖದ ಲೆಕ್ಕ ಮಾತ್ರ ಇರುವುದಿಲ್ಲ. ‘75 ಡಿಗ್ರಿಗೆ ಬಿಸಿ ಮಾಡಿ, 40ಕ್ಕೆ ತಣಿಸಿ’ ಅಂತ ಒಂದು ಸಾಲು, ಅಷ್ಟೇ. ಬಾಯ್ಲರ್ ಖರ್ಚು, ಶಿಫ್ಟಿನ ಹೊತ್ತು ಎರಡೂ ಹೋಗುವುದು ಆ ಸಾಲಿನಲ್ಲೇ.

ಸಾವಿರ ಕೆಜಿಯ ಒಂದು ಬ್ಯಾಚ್ ತಗೊಳ್ಳೋಣ. ನೀರು 730 ಕೆಜಿ, ಗ್ಲಿಸರಿನ್ 50, ಎಣ್ಣೆ ಭಾಗ 200. ಆ 200ರಲ್ಲಿ ಸೀಟೋಸ್ಟಿಯರಿಲ್ ಆಲ್ಕೋಹಾಲ್, ಸ್ಟಿಯರಿಕ್ ಆಸಿಡ್ ಥರದ ಗಟ್ಟಿ ಮೇಣ 80. ಸುಗಂಧ, ಪ್ರಿಸರ್ವೇಟಿವ್ ಸೇರಿ ಕೊನೆಗೆ ಹಾಕುವುದು 20.

25 ಡಿಗ್ರಿಯಿಂದ 75ಕ್ಕೆ ಏರಿಸಲು ನೀರೊಂದಕ್ಕೇ 153 ಮೆಗಾಜೂಲ್ ಬೇಕು. ಎಣ್ಣೆ ಭಾಗಕ್ಕೆ ಸುಮಾರು 21, ಮೇಣ ಕರಗಲು 16, ಗ್ಲಿಸರಿನ್‌ಗೆ 6. ಕ್ರೀಮ್ ಕಾಯಿಸುವ ಸ್ಟೀಲ್ ವೆಸೆಲ್ (ದೊಡ್ಡ ಪಾತ್ರೆ) 500 ಕೆಜಿ ಇದ್ದರೆ ಅದೂ 12 ತಿನ್ನುತ್ತದೆ. ಒಟ್ಟು 208, ಅಂದ್ರೆ ಸುಮಾರು 58 ಯೂನಿಟ್. ಮುಕ್ಕಾಲು ಪಾಲು ನೀರಿಗೇ ಹೋಯಿತು! ಆದರೆ ಬಿಸಿ ಬೇಕಿರುವುದು ಮೇಣಕ್ಕೆ. ಎಣ್ಣೆಗೆ ಸೇರುವ ಹೊತ್ತಿನಲ್ಲಿ ನೀರು ಮೇಣವನ್ನು ಹೆಪ್ಪುಗಟ್ಟಿಸದಿದ್ದರೆ ಸಾಕು. ಅಷ್ಟೂ ನೀರನ್ನು ಕಾಯಿಸಿ, ಮತ್ತೆ ಅಷ್ಟನ್ನೂ ತಣಿಸುತ್ತೇವೆ. ಎರಡು ಸಲ ದುಡ್ಡು ಕೊಟ್ಟ ಹಾಗಾಯ್ತು, ಅಲ್ವಾ?

ಸ್ವಲ್ಪ ನೀರನ್ನು ತಣ್ಣಗೇ ಉಳಿಸಿಕೊಂಡು, ಎಮಲ್ಷನ್ ಆದ ಮೇಲೆ, ಅಂದ್ರೆ ಎಣ್ಣೆ-ನೀರು ಒಂದಾಗಿ ಬೆರೆತ ಮೇಲೆ, ಸೇರಿಸುವ ವಿಧಾನ ಹೊಸದಲ್ಲ. ಕಾಸ್ಮೆಟಿಕ್ ವಿಜ್ಞಾನಿ ಜೋಸೆಫ್ ಲಿನ್ 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆದರೆ ಎಷ್ಟು ಉಳಿಸಬೇಕು ಅನ್ನುವುದನ್ನು ಕಣ್ಣಂದಾಜಿನಲ್ಲಿ ಮಾಡಬಾರದು. 400 ಕೆಜಿ ತಣ್ಣೀರು ಉಳಿಸಿದರೆ, ಸೇರಿಸಿದ ಮೇಲೆ ಬ್ಯಾಚ್ 53 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸೀಟೋಸ್ಟಿಯರಿಲ್ ಗಟ್ಟಿಯಾಗುವುದೂ ಹೆಚ್ಚುಕಡಿಮೆ ಅಲ್ಲೇ. ತಣ್ಣೀರು ಬಿದ್ದ ಜಾಗದಲ್ಲಿ ತಕ್ಷಣ ಕಾಳು ಕಾಳಾಗುತ್ತದೆ. ಬೆರಳಲ್ಲಿ ಉಜ್ಜಿ ನೋಡಿದರೆ ರವೆ ಥರ ಸಿಗುತ್ತದೆ. ಆಮೇಲೆ ಹೋಮೋಜಿನೈಸರ್ (ರಭಸವಾಗಿ ಕಲಸಿ ನುಣ್ಣಗೆ ಮಾಡುವ ಯಂತ್ರ) ಎಷ್ಟು ಓಡಿಸಿದರೂ ಪೂರ್ತಿ ಹೋಗುವುದಿಲ್ಲ. ಅದೇ 250 ಕೆಜಿ ಉಳಿಸಿದರೆ ಬ್ಯಾಚ್ 61ರಲ್ಲಿ ನಿಲ್ಲುತ್ತದೆ. ಮೇಣ ಇನ್ನೂ ಕರಗಿಯೇ ಇರುತ್ತದೆ. ಉಳಿತಾಯ 52 ಮೆಗಾಜೂಲ್, ಒಟ್ಟು ಶಾಖದ ಕಾಲು ಭಾಗ. ನಾನಾದರೆ ಇಲ್ಲೇ ನಿಲ್ಲಿಸುತ್ತೇನೆ. ದುರಾಸೆ ಬೇಡ.

35 ಡಿಗ್ರಿ ಇಳಿಸುವ ಕಡೆ 21 ಇಳಿಸಿದರೆ ಸಾಕು, ಹಾಗಾಗಿ ತಣಿಸುವ ಹೊತ್ತೂ 40 ಪರ್ಸೆಂಟ್ ಉಳಿಯುತ್ತದೆ ಅಂತ ಮಾಲೀಕರು ಲೆಕ್ಕ ಹಾಕಿಬಿಡುತ್ತಾರೆ. ಅಷ್ಟು ಉಳಿಯುವುದಿಲ್ಲ. ವೆಸೆಲ್ ಸುತ್ತಲಿನ ಜಾಕೆಟ್ಟಿನಲ್ಲಿ (ತಣಿಸುವ ನೀರು ಹರಿಯುವ ಹೊರಪದರ) ಕೂಲಿಂಗ್ ಟವರಿನಿಂದ ಬಂದ 28 ಡಿಗ್ರಿಯ ನೀರು ಓಡುತ್ತಿದ್ದರೆ, 75ರಲ್ಲಿ ವ್ಯತ್ಯಾಸ 47 ಡಿಗ್ರಿ. 40ರ ಹತ್ತಿರ ಬಂದಾಗ ಬರೀ 12. ಮೇಲಿನ ಇಳಿತ ಬೇಗ ಆಗುತ್ತದೆ, ಕೆಳಗಿನದು ಎಳೆಯುತ್ತದೆ. ಕ್ರೀಮ್ ಗಟ್ಟಿಯಾಗುತ್ತಾ ಹೋಗುವುದರಿಂದ ಗೋಡೆಗೆ ಅಂಟಿದ ಪದರವೂ ಶಾಖ ಹೋಗಲು ಬಿಡುವುದಿಲ್ಲ. ಆ ಪದರ ಕೆರೆಯುವ ಸ್ಕ್ರೇಪರ್ ಸವೆದಿದ್ದರೆ ಕಥೆ ಮುಗಿಯಿತು. ನಾಲ್ಕು ಚದರ ಮೀಟರ್ ಜಾಕೆಟ್ ಇರುವ ವೆಸೆಲ್‌ಗೆ 75ರಿಂದ 40ಕ್ಕೆ ಇಳಿಯಲು ನನ್ನ ಅಂದಾಜು ಎರಡೂ ಮುಕ್ಕಾಲು ಗಂಟೆ. ತಣ್ಣೀರು ಸೇರಿಸುವ ವಿಧಾನದಲ್ಲಿ ಎರಡು ಗಂಟೆಗೆ ಸ್ವಲ್ಪ ಮೇಲೆ. ಲ್ಯಾಬಿನಲ್ಲಿ ಒಂದು ಕೆಜಿ ಬೇಗ ತಣಿಯಿತು ಅಂತ ಇಲ್ಲಿ ನಂಬಬೇಡಿ. ತೂಕ ಸಾವಿರ ಪಟ್ಟಾದಾಗ ಗೋಡೆಯ ವಿಸ್ತೀರ್ಣ ನೂರು ಪಟ್ಟು ಮಾತ್ರ ಹೆಚ್ಚುತ್ತದೆ.

ಇನ್ನು ಮುಚ್ಚಳ. ತೆರೆದಿಟ್ಟು ಕಾಯಿಸಿದರೆ ಆವಿಯಾಗಿ 15 ಕೆಜಿ ಹೋಗುವುದು ದೊಡ್ಡದಲ್ಲ, ಬರೀ ಒಂದೂವರೆ ಪರ್ಸೆಂಟ್ ಅನ್ನಿಸುತ್ತದೆ. ಆದರೆ ಆ 15 ಕೆಜಿ ಆವಿ ತನ್ನ ಜೊತೆ ಸುಮಾರು 35 ಮೆಗಾಜೂಲ್ ಹೊತ್ತೊಯ್ಯುತ್ತದೆ. ಎಣ್ಣೆ ಭಾಗವನ್ನು ಕಾಯಿಸಿ ಕರಗಿಸಲು ಬೇಕಾದಷ್ಟೇ ಶಾಖ! ತೂಕದ ಲೆಕ್ಕವೂ ಕೆಡುತ್ತದೆ. ನೀರು ಕಮ್ಮಿಯಾಗಿ ಕ್ರೀಮ್ ಗಟ್ಟಿಯಾಗುತ್ತದೆ, ಉಳಿದ ಎಲ್ಲ ಪದಾರ್ಥಗಳ ಪ್ರಮಾಣವೂ ಏರುತ್ತದೆ. ಅದಕ್ಕೇ 40 ಡಿಗ್ರಿಗೆ ಬಂದ ಮೇಲೆ ಲೋಡ್‌ಸೆಲ್ (ವೆಸೆಲ್ಲಿನ ತೂಕ ತೋರಿಸುವ ಸಾಧನ) ನೋಡಿ, ಹೋದಷ್ಟು ನೀರು ತುಂಬಿ, ಆಮೇಲೆ ಸುಗಂಧ ಹಾಕಿ. ಮಟ್ಟ ಅಳೆದು ತುಂಬಬೇಡಿ. ಕಲಕುವಾಗ ಗಾಳಿ ಸೇರಿ ಕ್ರೀಮ್ ಉಬ್ಬಿರುತ್ತದೆ, ಅಳತೆಕೋಲು ಸುಳ್ಳು ಹೇಳುತ್ತದೆ.

ಒಂದು ಎಚ್ಚರಿಕೆ ಮಾತ್ರ ಖಂಡಿತ ಬೇಕು. 75 ಡಿಗ್ರಿಗೆ ಕಾಯಿಸಿದಾಗ ನೀರಿನಲ್ಲಿರುವ ಬಹಳಷ್ಟು ಸೂಕ್ಷ್ಮಜೀವಿಗಳೂ ಸಾಯುತ್ತವೆ. ತಣ್ಣಗೆ ಸೇರಿಸುವ 250 ಕೆಜಿಗೆ ಆ ರಕ್ಷಣೆ ಇಲ್ಲ. ಆರ್‌ಒ ಫಿಲ್ಟರ್ ಮತ್ತು ಯುವಿ ದೀಪ ದಾಟಿದ ನೀರನ್ನು ನೇರ ವೆಸೆಲ್‌ಗೇ ಬಿಡಿ, ಆ ಪೈಪಿನ ತುದಿಯಿಂದಲೇ ಸ್ಯಾಂಪಲ್ ತೆಗೆದು ಸೂಕ್ಷ್ಮಜೀವಿಗಳ ಟೆಸ್ಟಿಗೆ ಕಳಿಸಿ. ರಾತ್ರಿಯೆಲ್ಲ ಡ್ರಮ್ಮಿನಲ್ಲಿ ನಿಂತ ನೀರು ಮಾತ್ರ ಬೇಡವೇ ಬೇಡ.