500 ಎಚ್‌ಪಿ ಎಂಜಿನ್ ಇಳಿಸುವ ಮುನ್ನ: ಹಳೇ ಮಸ್ಟ್ಯಾಂಗಿನ ಚಾಸಿ ಓದಿಕೊಳ್ಳೋಣ

ಹಳೇ ಅಮೆರಿಕನ್ ಮಸಲ್ ಕಾರಿಗೆ (ದೊಡ್ಡ ಎಂಜಿನ್ನಿನ ವೇಗದ ಕಾರು) ಇನ್ನೂ ಬಲವಾದ ಎಂಜಿನ್ ಹಾಕುವ ಮೊದಲು ಬಾಡಿಯನ್ನು ಗಟ್ಟಿಮಾಡುವುದು ಹೇಗೆ ಎಂಬುದಕ್ಕೆ 1965–66ರ ಫೋರ್ಡ್ ಮಸ್ಟ್ಯಾಂಗ್ ಕೂಪೆಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಇದು ಪೋನಿ ಕಾರು (ಚಿಕ್ಕ ಸ್ಪೋರ್ಟಿ ಕಾರು), ಮಸಲ್ ಕಾರಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ. ತಗಡಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಲಾರಿಗಿರುವಂಥ ಬೇರೆ ಚಾಸಿ ಇದಕ್ಕಿಲ್ಲ. ಬಾಡಿಯೇ ಚಾಸಿ, ಅಂದರೆ ಯೂನಿಬಾಡಿ. ಎಂಜಿನ್ ಹೊರುವ ಮುಂದಿನ ಎರಡು ರೈಲುಗಳು, ಅಂದರೆ ಟೊಳ್ಳು ತೊಲೆಗಳು, ಮುಂದಿನ ಸೀಟಿನ ಕೆಳಗೆ ಬಂದು ನಿಂತುಬಿಡುತ್ತವೆ. ಹಿಂದಿನ ರೈಲುಗಳು ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿನ (ಅದನ್ನು ಬಾಡಿಗೆ ಸಿಕ್ಕಿಸುವ ಬಳೆ) ಹತ್ತಿರ ಶುರುವಾಗುತ್ತವೆ. ನಡುವೆ ಇರುವುದು ಒಂದು ಮಿಲಿಮೀಟರಿನ ಆಸುಪಾಸಿನ ನೆಲದ ತಗಡು, ಗೇರ್‌ಬಾಕ್ಸ್ ಸುರಂಗ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ರಾಕರ್‌ಗಳು, ಮೇಲೆ ಛಾವಣಿ. ಕನ್ವರ್ಟಿಬಲ್‌ಗೆ ಛಾವಣಿಯೂ ಇಲ್ಲದ್ದರಿಂದ ಫೋರ್ಡ್ ಕಂಪನಿಯೇ ಅದರ ರಾಕರ್‌ಗೂ ನೆಲಕ್ಕೂ ಹೆಚ್ಚುವರಿ ತಗಡು ಕೊಟ್ಟಿತ್ತು. ಎಲ್ಲಿ ಬಲ ಸಾಲದು ಎಂಬುದು ಕಾರ್ಖಾನೆಗೇ ಗೊತ್ತಿತ್ತು ಅನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಈಗ ಲೆಕ್ಕ. ಸಾಮಾನ್ಯ 289 (ಘನ ಇಂಚು) ವಿ8 ಎಂಜಿನ್ನಿನದು 200 ಎಚ್‌ಪಿ, ಸುಮಾರು 380 ನ್ಯೂಟನ್ ಮೀಟರ್ ಟಾರ್ಕ್. ನಾವು 500 ಎಚ್‌ಪಿ ಎಂಜಿನ್ ಇಳಿಸಿದೆವು, ಟಾರ್ಕ್ 600 ಎಂದುಕೊಳ್ಳಿ. ಫೋರ್ಡಿನ ಟಾಪ್‌ಲೋಡರ್ ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ 2.78. ಗುಣಿಸಿದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ 1668 ನ್ಯೂಟನ್ ಮೀಟರ್. ಆಕ್ಸಲ್ ಅನುಪಾತ 3.50 ಇದ್ದರೆ ಚಕ್ರದ ಕಡೆ 5838. ಪರೀಕ್ಷೆಯಲ್ಲಿ ನಾವೆಲ್ಲ ಕೊನೆಯ ಸಂಖ್ಯೆಗೆ ಅಡಿಗೆರೆ ಎಳೆದು ಮುಂದೆ ಹೋಗುತ್ತೇವೆ. ಬಾಡಿಯನ್ನು ಹಿಂಡುವುದು ಮಾತ್ರ ನಡುವಿನ ಸಂಖ್ಯೆ, ಆ 1668. ಶಾಫ್ಟ್ ಒಂದು ಕಡೆಗೆ ತಿರುಗಿದರೆ ಎಂಜಿನ್ ಮೌಂಟುಗಳು ಅಷ್ಟೇ ಟಾರ್ಕಿನಿಂದ ಬಾಡಿಯನ್ನು ಎದುರು ಕಡೆಗೆ ತಿರುಚುತ್ತವೆ. ಆ ತಿರುಚಿನ ಬಹುಪಾಲು ನಡುಭಾಗವನ್ನು ಹಾದು ಹಿಂದಿನ ಸ್ಪ್ರಿಂಗುಗಳನ್ನು ಸೇರಬೇಕು. ಡ್ರ್ಯಾಗ್ ರೇಸಿನಲ್ಲಿ ಕಾರು ಹೊರಟಾಗ ಎಡ ಮುಂಭಾಗ ಮೇಲೇಳುವುದನ್ನು ನೋಡಿರುತ್ತೀರಿ, ಕಾರಣ ಇದೇ.

ಇಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ ತೆಗೆಯಿರಿ. 50×50 ಮಿ.ಮೀ. ಚೌಕ ಕೊಳವೆ, ಗೋಡೆಯ ದಪ್ಪ 3 ಮಿ.ಮೀ. ಮುಚ್ಚಿದ ಕೊಳವೆಯ ತಿರುಚು ಸ್ಥಿರಾಂಕ (ತಿರುಚಿಗೆ ಅದು ಎಷ್ಟು ಬಿಗಿ ಎಂಬ ಅಳತೆ): ಗೋಡೆಯ ನಡುಗೆರೆಯೊಳಗಿನ ವಿಸ್ತೀರ್ಣದ ವರ್ಗವನ್ನು ನಾಲ್ಕರಿಂದಲೂ ದಪ್ಪದಿಂದಲೂ ಗುಣಿಸಿ, ಸುತ್ತಳತೆಯಿಂದ ಭಾಗಿಸಿ. ನಡುಗೆರೆಯ ಬದಿ 47, ವಿಸ್ತೀರ್ಣ 2209, ಸುತ್ತಳತೆ 188. ಉತ್ತರ ಸುಮಾರು 3,11,000 ಮಿ.ಮೀ.⁴. ಅದೇ ಕೊಳವೆಯನ್ನು ಉದ್ದಕ್ಕೆ ಒಂದೇ ಒಂದು ಗೀರು ಸೀಳಿ. ಈಗ ಸೂತ್ರವೇ ಬದಲು: ಸುತ್ತಳತೆ ಗುಣಿಸು ದಪ್ಪದ ಘನ, ಭಾಗಿಸು ಮೂರು. ಉತ್ತರ 1692. ತೂಕ ಹೆಚ್ಚುಕಮ್ಮಿ ಅಷ್ಟೇ, ಬಿಗಿತ ಮಾತ್ರ 180 ಪಟ್ಟಿಗೂ ಹೆಚ್ಚು ಕುಸಿಯಿತು! ಕಾಗದವನ್ನು ಕೊಳವೆಯಾಗಿ ಸುತ್ತಿ, ಅಂಚಿಗೆ ಟೇಪ್ ಹಚ್ಚಿ ಒಮ್ಮೆ, ಹಚ್ಚದೆ ಒಮ್ಮೆ ತಿರುಚಿ ನೋಡಿದರೆ ಕೈಗೇ ತಿಳಿಯುತ್ತದೆ.

ಹಾಗಾಗಿ ತುಕ್ಕು ಹಿಡಿದ ರಾಕರ್ ಅಂದರೆ ಬರೀ ಅಂದದ ಮಾತಲ್ಲ. ಕೆಳಗಿನ ಸ್ಪಾಟ್ ವೆಲ್ಡಿನ ಅಂಚು ಬಾಯಿಬಿಟ್ಟರೆ ಅದು ಸೀಳಿದ ಕೊಳವೆಯೇ. ಟಿಂಕರಿಂಗ್ ಮಾಡಿ, ಪುಟ್ಟಿ ತುಂಬಿ, ಬಣ್ಣ ಹೊಡೆದ ಕಾರಿಗೆ ಏನು ಜೋಡಿಸಿದರೂ ದಂಡ. ಮೊದಲು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕು. ಷೆವ್ರೊಲೆ ಕಂಪನಿಯ ಷೆವೆಲ್‌ನಂಥ, ಬಾಡಿಯಿಂದ ಬೇರೆಯಾದ ಫ್ರೇಮಿರುವ ಕಾರುಗಳಲ್ಲಿ ಸಿ ಆಕಾರದ ಫ್ರೇಮಿನ ತೆರೆದ ಬಾಯಿಗೆ ಪ್ಲೇಟು ಬೆಸೆದು ಪೆಟ್ಟಿಗೆ ಮಾಡುವುದೂ ಇದೇ ಸೂತ್ರದ ಮೇಲೆ.

ನಂತರ ಸಬ್‌ಫ್ರೇಮ್ ಕನೆಕ್ಟರ್: ಮುಂದಿನ ರೈಲಿನ ತುದಿಯನ್ನೂ ಹಿಂದಿನದರ ಆರಂಭವನ್ನೂ ಸೇರಿಸುವ ಕೊಳವೆ. ಬೋಲ್ಟ್ ಹಾಕುವ ಬಗೆಯದೂ ಸಿಗುತ್ತದೆ, ನನಗದು ಒಪ್ಪಿಗೆಯಿಲ್ಲ. ಒಳಗೆ ಸ್ಲೀವ್ (ಆಸರೆಯ ಸಣ್ಣ ಕೊಳವೆ) ಇಲ್ಲದೆ ಬೋಲ್ಟ್ ಬಿಗಿದರೆ ಟೊಳ್ಳು ರೈಲು ನಜ್ಜಾಗುತ್ತದೆ, ದಿನಕಳೆದಂತೆ ತೂತು ಅಗಲವಾಗುತ್ತದೆ. ಬೆಸೆಯುವಾಗ ಕಾರಿನ ಭಾರ ನಾಲ್ಕೂ ಚಕ್ರಗಳ ಮೇಲೇ ಇರಬೇಕು. ಎರಡು ಕಂಬದ ಲಿಫ್ಟಿನಲ್ಲಿ ಎತ್ತಿದರೆ ಮೂತಿ, ಬಾಲ ಎರಡೂ ತುಸು ಜೋತುಬೀಳುತ್ತವೆ; ಹಾಗೇ ಬೆಸೆದರೆ ಆ ಸೊಟ್ಟ ಶಾಶ್ವತ. ಕೆಲಸಕ್ಕೆ ಮೊದಲೂ, ನಡುನಡುವೆಯೂ ಬಾಗಿಲಿನ ಸಂದು ಅಳೆಯುತ್ತಿರಿ. ಬ್ಯಾಟರಿ ಕಳಚಿ, ಪೆಟ್ರೋಲ್ ಪೈಪು ಸರಿಸಿ, ಒಳಗಿನ ಕಾರ್ಪೆಟ್ ಎತ್ತಿರಿ. ಮೊದಲು ಟಾಕು (ಅಲ್ಲಲ್ಲಿ ಚುಕ್ಕಿ ಬೆಸುಗೆ), ಆಮೇಲೆ ಒಂದೊಂದು ಇಂಚು, ಎಡಕ್ಕೊಂದು ಬಲಕ್ಕೊಂದು. ಕೊಳವೆ ದಪ್ಪ, ರೈಲು ತೆಳುವು, ಆದ್ದರಿಂದ ವೆಲ್ಡಿಂಗ್ ಆರ್ಕನ್ನು ದಪ್ಪದ ಕಡೆಗೇ ವಾಲಿಸಬೇಕು. ಇಲ್ಲದಿದ್ದರೆ ರೈಲು ತೂತು.

ಮುಂಭಾಗದಲ್ಲಿ ಇನ್ನೊಂದು ತೊಡಕಿದೆ. ಈ ಕಾರಿನಲ್ಲಿ ಕಾಯಿಲ್ ಸ್ಪ್ರಿಂಗು ಸಸ್ಪೆನ್ಷನ್ನಿನ ಮೇಲಿನ ಆರ್ಮಿನ ಮೇಲೆ ಕೂತು, ಎಂಜಿನ್ ಪಕ್ಕದ ತಗಡಿನ ಗೋಪುರವನ್ನು, ಅಂದರೆ ಶಾಕ್ ಟವರನ್ನು, ಒತ್ತುತ್ತದೆ. ಭಾರ ಹೆಚ್ಚಿದಂತೆ ಟವರುಗಳು ಎಂಜಿನ್ ಕಡೆಗೆ ವಾಲುತ್ತವೆ, ಬುಡದಲ್ಲಿ ಬಿರುಕು ಬಿಡುತ್ತವೆ. ಎರಡೂ ಟವರುಗಳನ್ನು ಗಾಜಿನ ಮುಂದಿನ ಅಡ್ಡ ತಗಡಾದ ಕೌಲಿಗೆ ಕಟ್ಟುವ ಎಕ್ಸ್‌ಪೋರ್ಟ್ ಬ್ರೇಸ್, ಟವರಿಂದ ಟವರಿಗೆ ಅಡ್ಡ ಹೋಗುವ ಮಾಂಟೆ ಕಾರ್ಲೊ ಬಾರ್, ಇವೆರಡನ್ನೂ ಮಸ್ಟ್ಯಾಂಗಿನದೇ ರೇಸಿಂಗ್ ರೂಪವಾದ 1965ರ ಶೆಲ್ಬಿ ಜಿಟಿ350ಯಲ್ಲೇ ಹಾಕಿದ್ದರು. ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ಬದಲಾವಣೆ ಬೇರೆ ಸಿಗುವುದು ಕಷ್ಟ. ಬಿರುಕಿದ್ದರೆ ಮೊದಲು ಅದನ್ನು ಬೆಸೆದು ಆಮೇಲೆ ಬಾರ್ ಹಾಕಿ.

ಕಾರಿನ ಹಿಂಭಾಗದಲ್ಲಿ ಚಕ್ರದ ಕಡೆಯ ಆ 5838 ಕಾಡುತ್ತದೆ. ಆಕ್ಸಲ್ ತಾನೇ ಹಿಂದಕ್ಕೆ ಉರುಳಲು ನೋಡಿ ಲೀಫ್ ಸ್ಪ್ರಿಂಗನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ, ಚಕ್ರ ಕುಪ್ಪಳಿಸುತ್ತದೆ. ಆಕ್ಸಲ್ ಉರುಳದಂತೆ ಹಿಡಿಯುವ ಸರಳು, ಟ್ರ್ಯಾಕ್ಷನ್ ಬಾರ್, ಇದನ್ನು ತಡೆಯುತ್ತದೆ, ಆದರೆ ತಡೆದ ಬಲವೆಲ್ಲ ಸ್ಪ್ರಿಂಗಿನ ಮುಂದಿನ ಕಣ್ಣಿನ ಹತ್ತಿರವೇ ಬಾಡಿಗೆ ಬಡಿಯುತ್ತದೆ. ಕನೆಕ್ಟರಿನ ಹಿಂತುದಿಯೂ ಅಲ್ಲೇ ಬಂದು ಸೇರುವುದರಿಂದ ಎರಡನ್ನೂ ಒಟ್ಟಿಗೇ ಯೋಜಿಸಬೇಕು.

ರೋಲ್ ಕೇಜ್, ಅಂದರೆ ಕಾರು ಪಲ್ಟಿಯಾದರೆ ಒಳಗಿರುವವರನ್ನು ಕಾಯುವ ಕೊಳವೆಗಳ ಪಂಜರ, ಅದರ ವಿಷಯ ಚಿಕ್ಕದು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮದಂತೆ ಇಂಥ ಹಳೇ ಕಾರು ಕಾಲು ಮೈಲಿಯನ್ನು 9.99 ಸೆಕೆಂಡಿನಲ್ಲಿ ಅಥವಾ ಅದಕ್ಕೂ ಬೇಗ ಮುಗಿಸಿದರೆ, ಇಲ್ಲವೇ ಗಂಟೆಗೆ 135 ಮೈಲಿ ಮುಟ್ಟಿದರೆ, ಕೇಜ್ ಕಡ್ಡಾಯ. ಕ್ರೋಮ್‌ಮಾಲಿ (ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು) ಕೊಳವೆಯಾದರೆ ಟಿಗ್ (ಟಂಗ್‌ಸ್ಟನ್ ಆರ್ಕ್) ವೆಲ್ಡಿಂಗೇ ಆಗಬೇಕು. ರಸ್ತೆಯಲ್ಲೂ ಓಡಿಸುವ ಕಾರಿಗೆ ಕೇಜ್ ಬೇಡವೆಂಬುದು ನನ್ನ ಅಭಿಪ್ರಾಯ: ಹೆಲ್ಮೆಟ್ ಇಲ್ಲದ ತಲೆಗೆ ಆ ಕೊಳವೆಯೇ ಅಪಾಯ.